ಮೊದಲು ಅಪ್ಪನನ್ನು ಕುರ್ಚಿಗೆ ಹತ್ತಿಸಿದ ಡಾಕ್ಟರಮ್ಮ

ಮಕ್ಕಳ ದಂತವೈದ್ಯರೆಂದರೆ ಹುಳುಕಿಗೆ ಸಿಮೆಂಟು ತುಂಬುವವರು ಎಂದಷ್ಟೇ ಜನ ತಿಳಿದಿದ್ದ ಕಾಲದಲ್ಲಿ, ಹಲ್ಲಿಗಿಂತ ಮೊದಲು ಹೆದರಿಕೆಗೆ ಮದ್ದು ಮಾಡಬೇಕೆಂದು ಹಟ ಹಿಡಿದು, ಮೂವತ್ತನಾಲ್ಕು ವರ್ಷ ಅದನ್ನೇ ಮಾಡಿ ತೋರಿಸಿದವರು ನಮ್ಮ ಮೇಡಂ. ಮಕ್ಕಳ ಬಾಯಲ್ಲಿ ಅವರು ‘ಹಲ್ಲಜ್ಜಿ’. ನಲವತ್ತು ತುಂಬುವ ಮೊದಲೇ ಒದಗಿ ಬಂದ ಈ ಅಜ್ಜಿ ಪಟ್ಟವನ್ನು ಅವರು ಎಲ್ಲ ಪದವಿಗಳಿಗಿಂತ ಮೇಲೆಂದು ಭಾವಿಸಿದ್ದಾರೆ. ಅವರ ಕೈಕೆಳಗೆ ಪಳಗಿದ ನನಗೆ ಅವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಸಂಪುಟದಲ್ಲಿ ನಾಲ್ಕು ಮಾತು ಬರೆಯುವ ಭಾಗ್ಯ ಸಿಕ್ಕಿದೆ. ಅವುಗಳಲ್ಲಿ ಮೂರು ನನ್ನ ದಡ್ಡತನದ ಕುರಿತೇ ಆಗಿರುವುದು ಅನಿವಾರ್ಯ.

ನಮ್ಮ ಆಸ್ಪತ್ರೆಯ ಮಕ್ಕಳ ದಂತ ವಿಭಾಗದ ಅಧಿಕಾರ ವಹಿಸಿಕೊಂಡ ವಾರದಲ್ಲೇ ಅವರು ಕಾಯುವ ಕೋಣೆಯಿಂದ ಕೊಳೆತ ಹಲ್ಲುಗಳ ಚಿತ್ರಪಟ ಇಳಿಸಿದರು. ‘ಸೂಜಿಯ ಹೆಸರು ಹೇಳಿ ಮಕ್ಕಳನ್ನು ಹೆದರಿಸುವ ಹಿರಿಯರು ಹೊರಗೆ ಕೂರತಕ್ಕದ್ದು’ ಎಂಬ ಫಲಕ ಹಾಕಿಸಿದರು. ಮೊದಲ ಭೇಟಿಯಲ್ಲಿ ನಾವು ಮಗುವಿನ ಬಾಯಿಗೆ ಕೈ ಹಾಕುವಂತಿರಲಿಲ್ಲ. ಮಗುವೇ ಪುಟ್ಟ ಕನ್ನಡಿ ಹಿಡಿದು ನಮ್ಮ ಹಲ್ಲು ಎಣಿಸಬೇಕು. ಹೀಗೆ ನನ್ನ ಬಾಯಲ್ಲಿ ಹದಿನಾಲ್ಕರಿಂದ ಐವತ್ತರವರೆಗೆ ಹಲ್ಲುಗಳು ಸಿಕ್ಕಿವೆ. ಇದೆಲ್ಲ ಹುಡುಗಾಟವೆಂದು ನಗುತ್ತಿದ್ದವರಿಗೆ ಮೇಡಂ ಹೇಳುತ್ತಿದ್ದುದು ಒಂದೇ: ಹೆದರಿ ಬಾರದ ಮಗುವಿನ ಸಾಸಿವೆಯಷ್ಟು ಹುಳುಕು, ಕೊನೆಗೆ ಅದನ್ನು ಕರೆತರುವ ಹೊತ್ತಿಗೆ ಕೀವಾಗಿರುತ್ತದೆ, ಕೀವಿನ ಚಿಕಿತ್ಸೆ ನೋಯುತ್ತದೆ, ಆ ನೋವು ಇನ್ನಷ್ಟು ಹೆದರಿಸುತ್ತದೆ.

ನಾನು ಅದನ್ನು ಕಲಿತದ್ದು ಕೆಟ್ಟ ಮೇಲೆ. ಸೇರಿದ ಎರಡನೆಯ ವರ್ಷ, ಮೇಡಂ ರಜೆಯಲ್ಲಿದ್ದ ದಿನ, ಐದು ವರ್ಷದ ಹುಡುಗಿಯೊಬ್ಬಳು ಸಣ್ಣ ಹುಳುಕಿಗೆಂದು ಬಂದಿದ್ದಳು. ಹೊರಗೆ ಸಾಲು ಬೆಳೆದಿತ್ತು. “ಏನೂ ನೋವಾಗಲ್ಲ ಪುಟ್ಟಿ, ಕಣ್ಮುಚ್ಚು” ಎಂದು, ಬೆನ್ನ ಹಿಂದೆ ಬಚ್ಚಿಟ್ಟಿದ್ದ ಸೂಜಿ ಚುಚ್ಚಿದೆ. ಅವಳು ನನ್ನ ಬೆರಳು ಕಚ್ಚಿ ಓಡಿದಳು. ಎರಡು ವರ್ಷದ ಬಳಿಕ ಲಾರಿ ಚಾಲಕನಾದ ಅವಳ ಅಪ್ಪ ಎತ್ತಿಕೊಂಡು ಬಂದಾಗ, ಕೆನ್ನೆ ಊದಿ ಒಂದು ಕಣ್ಣು ಅರ್ಧ ಮುಚ್ಚಿತ್ತು. ನನ್ನನ್ನು ಕಂಡದ್ದೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ನಾಚಿಕೆಯಿಂದ ಕುಗ್ಗಿಹೋದೆ.

ಅಂದೇ ಹಲ್ಲು ಕಿತ್ತು ಕೀವು ತೆಗೆಯದಿದ್ದರೆ ದೊಡ್ಡಾಸ್ಪತ್ರೆಯಲ್ಲಿ ಪ್ರಜ್ಞೆ ತಪ್ಪಿಸಿ ಕೀಳಬೇಕಿತ್ತು. ಆಮೇಲೆ ಆ ಮಗು ಜನ್ಮದಲ್ಲಿ ನಮ್ಮ ಕಡೆ ತಲೆ ಹಾಕುತ್ತಿರಲಿಲ್ಲ. “ಬಾಯಿ ತೆಗಿ, ಇಲ್ದಿದ್ರೆ ಕೈಕಾಲು ಕಟ್ಟಿಸ್ತೀನಿ” ಎಂದು ಅಪ್ಪ ಗದರುತ್ತಿದ್ದ, ತಾನು ಮಾತ್ರ ಬಾಗಿಲಿನಿಂದ ಒಳಗೆ ಬಾರದೆ.

“ನೀವು ಯಾವಾಗ ಹಲ್ಲು ತೋರಿಸಿದ್ರಿ?” ಎಂದರು ಮೇಡಂ.

“ನಾನಾ? ದೇವರೇ! ಒಂದ್ಸಲಾನೂ ಇಲ್ಲ.”

“ಹಾಗಾದ್ರೆ ಮೊದಲು ನೀವೇ ಹತ್ತಿ.”

ಘಟ್ಟದಲ್ಲಿ ಲಾರಿ ಇಳಿಸುವ ಗಂಡಾಳು ಕುರ್ಚಿಯಲ್ಲಿ ಗಡಗಡ ನಡುಗಿದ. ಮೇಡಂ ಹುಡುಗಿಗೆ ಹೇಳಿದರು: “ಅಪ್ಪ ಕೈ ಎತ್ತಿದ ತಕ್ಷಣ ನಾನು ನಿಲ್ಲಿಸ್ಬೇಕು. ನಿಲ್ಲಿಸ್ತೀನೋ ಇಲ್ವೋ ನೀನೇ ನೋಡು.” ಹಲ್ಲಿನ ಪಾಚಿ ತೆಗೆಯುವಷ್ಟರಲ್ಲಿ ಅವನು ಏಳು ಸಲ ಕೈ ಎತ್ತಿದ, ಏಳು ಸಲವೂ ಅವರು ನಿಲ್ಲಿಸಿದರು. ಮಗಳ ಬಾಯಿ ಮುಚ್ಚಿದ್ದ ಕೈಗಳು ಯಾವಾಗಲೋ ಕೆಳಗಿಳಿದಿದ್ದವು. “ಅಪ್ಪಾ, ಸುಮ್ಸುಮ್ನೆ ಎತ್ಬೇಡ!” ಎಂದು ಗದರಿದವಳು ಆ ಹುಡುಗಿಯೇ.

“ನಂಗೆ ನೋವಾಗುತ್ತಾ?” ಎಂದು ಕೇಳಿದಳು. ಮೇಡಂ ನನ್ನ ಮುಖ ನೋಡಿದರು.

“ಆಗುತ್ತೆ ಪುಟ್ಟಿ,” ಎಂದೆ. “ಸೂಜಿ ಚುಚ್ಚುವಾಗ ಹತ್ತು ಎಣಿಸೋಷ್ಟು ಹೊತ್ತು. ಅವತ್ತು ನಿಂಗೆ ಸುಳ್ಳು ಹೇಳಿದ್ದೆ. ತಪ್ಪಾಯ್ತು.”

ಅವಳು ತಾನೇ ಕುರ್ಚಿ ಹತ್ತಿದಳು. ಎಣಿಕೆ ಆರಕ್ಕೆ ಬಂದಾಗ ಕೈ ಎತ್ತಿದಳು, ಮೇಡಂ ನಿಲ್ಲಿಸಿದರು, ಅವಳೇ ಮತ್ತೆ ಬಾಯಿ ತೆರೆದಳು. ಹಲ್ಲು ಬಂತು! ವಿಭಾಗವೆಲ್ಲ ಚಪ್ಪಾಳೆ ತಟ್ಟಿತು.

ಆರು ತಿಂಗಳ ನಂತರ ಅವಳು ನೋವಿಲ್ಲ, ಬಾವಿಲ್ಲ, ಸುಮ್ಮನೆ ತೋರಿಸಲು ಬಂದಳು, ಅಪ್ಪನನ್ನೂ ಎಳೆದುಕೊಂಡು: “ಇವ್ರಿಗೆ ಒಬ್ರೇ ಬರೋಕೆ ಭಯ.” ಯಾರ ಹತ್ತಿರ ತೋರಿಸುತ್ತೀ ಎಂದು ನರ್ಸಮ್ಮ ಕೇಳಿದರೆ, ಅವಳ ಬೆರಳು ನನ್ನತ್ತ ತಿರುಗಿತು. ಮೇಡಂ ನಕ್ಕು ತಮ್ಮ ಜಾಗ ಬಿಟ್ಟುಕೊಟ್ಟರು. ಮಗುವಿನ ನಂಬಿಕೆಯನ್ನೂ ನನ್ನ ವೃತ್ತಿಯನ್ನೂ ಅವರು ಒಟ್ಟಿಗೇ ಉಳಿಸಿಕೊಟ್ಟಿದ್ದರು.

ಇನ್ನು ವಾರಕ್ಕೆ ಮೂರು ದಿನ ಅವರು ಶಾಲೆಗಳಿಗೆ ಹೋಗುತ್ತಾರಂತೆ. ಅವರ ನಿವೃತ್ತಿ ಅಂದರೆ ಇಷ್ಟೇ. ನಮ್ಮ ಮೇಡಂ ಮೂವತ್ತೆರಡೂ ಗಟ್ಟಿ ಹಲ್ಲುಗಳೊಂದಿಗೆ ನೂರು ವರ್ಷ ದಾಟಲಿ, ಅವರು ಕಾಲಿಟ್ಟ ಶಾಲೆಯಲ್ಲೆಲ್ಲ ಮಕ್ಕಳು ನಾ ಮುಂದು ತಾ ಮುಂದು ಎಂದು ಬಾಯಿ ಅಗಲಿಸಿ ನಿಲ್ಲಲಿ.