ದಂಡು ಇಳಿಸಿದವರು

ಇಂಡಿ ಪಟ್ಟಣದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವರೊಬ್ಬರಿದ್ದರು. ಯಾವ ಮಷೀನು ತಂದಿಟ್ಟರೂ ಮೊದಲು ಜ್ವರ ನೋಡುವವರಂತೆ ಅದರ ನೆತ್ತಿಯ ಮೇಲೆ ಅಂಗೈ ಇಡುವರು. ಆಮೇಲೆ ಒಂದೇ ಮಾತು: "ಭಾರ ಇಳಸ್ರಿ, ಓಡ್ತೈತಿ."

ನಮ್ಮಣ್ಣನ ಕಿಡ್ನಿ ಕೆಟ್ಟ ಮೇಲೆ ಅವರು ರವಿವಾರಕ್ಕೊಮ್ಮೆ ನಮ್ಮೂರು ತಾಂಬಾಕ್ಕೆ ಬಂದು, ಅವನ ಜೋಡಿ ರಾಜ್ಯ ಕಟ್ಟುವ ಕಂಪ್ಯೂಟರ್ ಆಟ ಆಡುತ್ತಿದ್ದರು. ಇವರದೊಂದು ಸರದಿ, ಅವನದೊಂದು ಸರದಿ. ಆಟ ಬೆಳೆದಂತೆ ಊರುಗಳು, ದಂಡುಗಳು ನೂರಾರಾದವು. ಒಂದು ಸರದಿ ತಿರುಗಲು ನಮ್ಮ ಹಳೇ ಮಷೀನು ಹತ್ತು ನಿಮಿಷ ತಿನ್ನತೊಡಗಿತು. ಅಣ್ಣನಿಗೋ ಅರ್ಧ ತಾಸಿಗಿಂತ ಹೆಚ್ಚು ಕೂಡ್ರಲು ಆಗುತ್ತಿರಲಿಲ್ಲ.

"ಈ ಆಟದ ಕಡೀ ನಾ ನೋಡೂದಿಲ್ಲ ಬಿಡ್ರಿ, ಮಾಮಾ," ಅಂದ.

ಅವರು ಮಷೀನಿನ ಮೇಲೆ ಅಂಗೈ ಇಟ್ಟರು. ಆಟದೊಳಗೆ ಕುದುರೆ ಓಡುವ ಚಿತ್ರಗಳನ್ನು ಬಂದ್ ಮಾಡಿದರು. ಅಷ್ಟು ಸಾಲಲಿಲ್ಲ. ಆಗ ತಿಂಗಳುಗಟ್ಟಲೆ ಕೂಡಿಸಿದ ತಮ್ಮ ದಂಡುಗಳನ್ನೇ ಒಂದೊಂದಾಗಿ ಅಳಿಸಿದರು.

"ನನಗ ಕರುಣಾ ತೋರ್ಸಾಕತ್ತೀರೇನ್ರಿ?" ಅಣ್ಣ ಸಿಟ್ಟಾದ.

"ಹುಚ್ಚಾ, ಸುಮ್ನ ನಿಂತ ದಂಡು ತಗದೇನಿ. ನಿನ್ನವೂ ತಗಿ. ತಾಕತ್ತಿದ್ರ ಗೆಲ್ಲು ಬಾ."

ಅಣ್ಣನೂ ಅಳಿಸಿದ. ಸರದಿ ಒಂದೇ ನಿಮಿಷಕ್ಕೆ ಬಂತು. ಮೂರನೇ ರವಿವಾರ ಅವರು ಅಣ್ಣನ ರಾಜಧಾನಿ ಗೆದ್ದೇಬಿಟ್ಟರು, ಒಂದಿಷ್ಟೂ ಬಿಟ್ಟುಕೊಡಲಿಲ್ಲ. ಸೋತ ಅಣ್ಣ ಬಹಳ ದಿನಗಳ ಮೇಲೆ ಬಾಯಿ ತುಂಬ ನಕ್ಕ. "ಕಡೀ ನೋಡಿದ್ನಿ ನೋಡ್ರಿ, ಮಾಮಾ!"

ಮುಂದೆ ಎರಡು ತಿಂಗಳಿಗೆ ಅಣ್ಣ ಹೋದ. ಮಣ್ಣಿಗೆ ಬಂದ ಅವರು ಅವನ ನೆತ್ತಿಯ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ನಿಂತರು. ಆಮೇಲೆ ಆ ಭಾರಕ್ಕೆ ತಾವೂ ಹೆಗಲು ಕೊಟ್ಟರು.