ಕೌದಿ ಬೇಡವೆಂದ ನಾದಿನಿ

ಸ್ನೇಹಿತರೇ, ಇವತ್ತು ನಮ್ಮತ್ತೆ ತಮ್ಮ ಮಗಳ ಹೊಸ ನೈಲಾನ್ ಸೀರೆಗೆ ಕತ್ತರಿ ಹಾಕಿದರು. ನಾನು ನಗು ತಡೆದುಕೊಂಡಿದ್ದೇ ದೊಡ್ಡದು.

ಅರಸೀಕೆರೆಯಿಂದ ಬಂದಿದ್ದ ನಾದಿನಿ ಸರೋಜಳೂ ಸೇರಿ ಬೆಳಗ್ಗೆಯಿಂದ ಮೂವರೂ ಕೌದಿ ಹೊಲಿಯುತ್ತಿದ್ದೆವು. ಹಳೆ ಸೀರೆಗಳ ಮೂರು ಮೂಲೆಯ ಚೂರುಗಳನ್ನು ಚೌಕ ಚೌಕವಾಗಿ ಕೂಡಿಸಿ, ನಡುಮನೆ ತುಂಬ ಹಾಸಿ, ಅದರ ಮೇಲೆಯೇ ಕೂತು ದಾರ ಓಡಿಸಬೇಕು.

"ಈಗ ಯಾರಮ್ಮ ಕೌದಿ ಹೊದೀತಾರೆ? ಅಂಗಡೀಲಿ ಒಳ್ಳೊಳ್ಳೆ ರಗ್ಗು ಸಿಗ್ತವೆ," ಎಂದು ಸರೋಜ ಹೊಲಿಯುತ್ತಲೇ ಗೊಣಗುತ್ತಿದ್ದಳು.

ಅಷ್ಟರಲ್ಲಿ ಅವಳು ಊರಿಗೆ ವಾಪಸ್ಸು ಹೋಗಬೇಕಿದ್ದ ಬಸ್ಸಿನ ಹಾರನ್ ಕೇಳಿತು. ದಡಕ್ಕನೆ ಎದ್ದಳು. ಕೌದಿಯೂ ಜೊತೆಗೇ ಎದ್ದಿತು. ಮಾತಿನ ಭರದಲ್ಲಿ ತನ್ನ ಸೆರಗನ್ನೂ ಸೇರಿಸಿ ಹೊಲಿದುಬಿಟ್ಟಿದ್ದಳು.

"ದಾರ ಕತ್ತರಿಸಮ್ಮ, ಬಸ್ಸು ಹೋಯ್ತದೆ."

"ಸಾಲು ಅಂಚು ಮುಟ್ಟೋ ತಂಕ ಕೌದಿ ದಾರ ಕತ್ತರಿಸಬಾರ್ದು ಕಣೇ," ಎಂದ ಅತ್ತೆ ಸೆರಗನ್ನೇ ಕತ್ತರಿಸಿದರು.

ಬಸ್ಸು ಹೋಯಿತು. ಅಂಗೈಯಗಲ ಸೀರೆ ಕೌದಿಯಲ್ಲೇ ಉಳಿಯಿತು. ಸರೋಜ ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಿದ್ದು, ಆಮೇಲೆ ಮತ್ತೆ ಸೂಜಿ ಹಿಡಿದಳು. "ನನ್ ಹೊಸ ಸೀರೆ ಇದ್ರಲ್ಲೈತೆ. ಕೌದಿ ನಂದೇ. ಮುಗಿಸ್ಕೊಂಡೇ ಹೋಗ್ತೀನಿ."

ಅದರಲ್ಲಿ ನನ್ನ ಮೂರು ಸೀರೆಗಳಿವೆ. ಆದರೆ ಅತ್ತೆ ಕೇಳಿದ ಕೂಡಲೇ ನಾನು ಅವನ್ನು ಕೊಟ್ಟುಬಿಟ್ಟಿದ್ದೆ. ಅದೇ ತಪ್ಪಾಯಿತು.