ತೊಳೆದ ಎಲೆಯ ಫೋಟೋ

ನಾಗಮ್ಮಕ್ಕಾ, ನಿನ್ನ ಕೆಂಪು ಬಾಳೆಯ ಫೋಟೋವನ್ನು ಕಲ್ಲು ಪುಡಿ ಮಾಡುವ ಕ್ರಷರ್ ಮಾಲೀಕನ ಪರವಾಗಿ ಪೇಪರಿನಲ್ಲಿ ಹಾಕಿಸಿದವನು ನಾನೇ. ಕಲಬುರಗಿ ಆಫೀಸಿನವರು ನನಗೆ ಹೇಳದೆ ಹಾಕಿದರು ಎಂದು ನಿನಗೆ ಹೇಳಿದ್ದೆ. ಅದು ಸುಳ್ಳು. ಇಷ್ಟು ವರ್ಷ ಆ ಸುಳ್ಳನ್ನು ಇಟ್ಟುಕೊಂಡೇ ನಿನ್ನ ಮನೆ ಮುಂದೆ ತಿರುಗಾಡಿದ್ದೇನೆ —

ನನಗೆ ಬೇಗ ಟೈಪ್ ಮಾಡಲು ಬರುವುದಿಲ್ಲ. ಒಂದೇ ಬೆರಳು. ಒತ್ತಕ್ಷರ ಹುಡುಕುವಷ್ಟರಲ್ಲಿ ಧೈರ್ಯ ಇಳಿದುಹೋಗುತ್ತದೆ. ಆದರೂ ಇವತ್ತು ಬರೆಯಲೇಬೇಕು. ಬೆಳಿಗ್ಗೆ ಪೇಪರ್ ತೆಗೆದರೆ ಅದೇ ಫೋಟೋ ಮತ್ತೆ. ವಾಣಿಜ್ಯ ಪುಟದಲ್ಲಿ, ಕಮಲಾಪುರದ ಕೆಂಪು ಬಾಳೆಗೆ ಎಲ್ಲಿಲ್ಲದ ಬೇಡಿಕೆ ಎಂಬ ಸುದ್ದಿ. ಪುಟ ತಿರುವಿದರೆ ಕ್ರಷರ್‌ನವರು ಪರಿಸರ ದಿನಕ್ಕೆ ಸಸಿ ನೆಟ್ಟ ಸುದ್ದಿ, ಅದರ ಪಕ್ಕ ನಿನ್ನ ತೋಟದ ಆ ಹಳೆಯ ಫೋಟೋ. ಕೆಳಗೆ ಮೂಲೆಯಲ್ಲಿ ಸಣ್ಣದಾಗಿ: ಕ್ರಷರ್ ದೊಡ್ಡದು ಮಾಡಲು ಸೋಮವಾರ ಸಾರ್ವಜನಿಕರ ಸಭೆ. ಈ ಬಾಳೆಗೂ ಆ ಕ್ರಷರ್‌ಗೂ ನಡುವೆ ಇರುವುದು ಒಂದೇ ಒಂದು ಬದು ಎಂದು ಯಾವ ಪುಟದಲ್ಲೂ ಇಲ್ಲ. ಲೋಕಲ್ ಚಾನೆಲ್‌ನವರೂ ಸಸಿಗೆ ನೀರು ಹಾಕುವ ಕೈಗಳನ್ನೇ ತೋರಿಸಿದರು. ನಾಳೆ ಆ ಸಸಿ ಒಣಗಿದರೆ ಯಾರು ತೋರಿಸುತ್ತಾರೆ? ಸಿಟ್ಟು ಬಂದು ಪೇಪರ್ ಮುದ್ದೆ ಮಾಡಿ ಎಸೆದೆ. ಆಮೇಲೆ ನಾನೇ ಎತ್ತಿಕೊಂಡು ಬಿಡಿಸಿದೆ. ಯಾರ ಮೇಲೆ ಸಿಟ್ಟು ಮಾಡಲಿ? ಆ ಫೋಟೋ ತೆಗೆದ ಕೈ ನನ್ನದು.

ಇದನ್ನು ಓದುವ ಬೇರೆಯವರಿಗೂ ಗೊತ್ತಾಗಲಿ. ನಾನು ಕಮಲಾಪುರದಿಂದ ಕಲಬುರಗಿಯ ಒಂದು ಸಣ್ಣ ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ಅಕ್ಷರ ಕಲಿತದ್ದೇ ಮೀಸೆ ಬಂದ ಮೇಲೆ, ಹಾಗಾಗಿ ಅಚ್ಚಿನಲ್ಲಿ ಹೆಸರು ಕಂಡರೆ ನನಗೆ ಹುಚ್ಚು ಖುಷಿ. ಸಂಬಳವಿಲ್ಲ, ಜಾಹೀರಾತು ತಂದರೆ ಅದರಲ್ಲಿ ಪಾಲು. ಎಲ್ಲ ಊರಲ್ಲೂ ಇದೇ ಪದ್ಧತಿ — ಸುದ್ದಿ ಬರೆಯುವವನೇ ಹಬ್ಬದ ಶುಭಾಶಯದ ಜಾಹೀರಾತು ಕೇಳಿಕೊಂಡು ಅಂಗಡಿ, ಮಿಲ್ಲು, ಕ್ರಷರ್ ಎಂದು ತಿರುಗಬೇಕು. ಯಾರ ಬಗ್ಗೆ ಬರೆಯಬೇಕೋ ಅವರ ಮುಂದೆಯೇ ಕೈಕಟ್ಟಿ ನಿಲ್ಲಬೇಕು.

ಆ ದಿನ ನಿನ್ನ ತೋಟಕ್ಕೆ ಬಂದದ್ದು ಕೆಂಪು ಬಾಳೆಯ ಬಗ್ಗೆ ಲೇಖನ ಬರೆಯಲಿಕ್ಕೆ, ಅದು ಮಾತ್ರ ನಿಜ. ಎಲೆಯೆಲ್ಲ ಬೂದಿ ಎರಚಿದ ಹಾಗಿತ್ತು. "ಧೂಳ ಕುಂತದ್ದು ಹಂಗೇ ತೆಗಿ ತಮ್ಮಾ, ಮಂದಿಗಿ ಗೊತ್ತಾಗ್ಲಿ," ಅಂದೆ ನೀನು.

"ಅಕ್ಕಾ, ಲಗ್ನದ ಹುಡುಗಿ ಫೋಟೋ ಮುಖ ತೊಳೀದೆ ತೆಗೀತಾರೇನ್?"

ನೀನು ನಕ್ಕುಬಿಟ್ಟೆ. "ಹಂಗಾರ ನೀನೇ ತೊಳಿ. ಬೀಗರ ಪೈಕಿ ಬಂದಾಂವ ನೀನೇ ಅಲಾ!"

ನಾನು ಪೈಪ್ ಹಿಡಿದೆ. ನೀನು ಸೆರಗಿನಿಂದ ಎಲೆ ಒರೆಸಿದೆ. ಫೋಟೋ ಚೆಂದ ಬಂತು.

ಲೇಖನ ಬರೆಯಲೇ ಇಲ್ಲ. ಅದೇ ವಾರ ಕ್ರಷರ್ ಮಾಲೀಕ ಅರ್ಧ ಪುಟದ ಜಾಹೀರಾತು ಕೊಟ್ಟ. ಅದನ್ನು ತಂದವನೂ ನಾನೇ. ಕಲಬುರಗಿಯ ಜಗತ್ ಸರ್ಕಲ್ ಹತ್ತಿರದ ಮಹಡಿಯ ಆಫೀಸಿನಲ್ಲಿ ಸಂಪಾದಕರು, "ಅರ್ಧ ಪುಟ ಕೊಟ್ಟಾರ. ಅವರ ಬಗ್ಗೆ ಎರಡು ಚಂದದ ಮಾತು ಬೇಕಲ್ಲಪಾ," ಅಂದರು. ಅವರು ನಿನ್ನ ತೋಟ ಕೇಳಿರಲಿಲ್ಲ. ನಾನೇ ಫೋನ್ ತೆಗೆದು ತೋರಿಸಿದೆ. 'ಕ್ರಷರ್ ಮಗ್ಗುಲಲ್ಲೇ ನಳನಳಿಸುವ ಕೆಂಪು ಬಾಳೆ' — ಆ ಸಾಲು ನನ್ನದು. ಬರೆದು, ಚೆನ್ನಾಗಿದೆ ಎಂದು ಇನ್ನೊಮ್ಮೆ ಓದಿಕೊಂಡೆ ಕೂಡ.

ನಿನಗೆ ಓದಲು ಬರುವುದಿಲ್ಲ, ಪೇಪರ್ ನಿನ್ನ ಮನೆಗೆ ಬರುವುದೂ ಇಲ್ಲ, ಅದಕ್ಕೇ ಅದು ಅಚ್ಚಾದದ್ದು ನಿನಗೆ ತಿಳಿಯಲಿಲ್ಲ. ಧೂಳಿನ ದೂರು ಹಿಡಿದು ಕಲಬುರಗಿಯ ಪರಿಸರ ಅಧಿಕಾರಿ ಸಾಹೇಬರ ಹತ್ತಿರ ಹೊರಟಾಗ ನನ್ನನ್ನೇ ಸಾಕ್ಷಿಗೆ ಕರೆದೆ. ಪೇಪರ್‌ನವನು ಜೊತೆಗಿದ್ದರೆ ಸಾಹೇಬರು ಕೇಳುತ್ತಾರೆ ಎಂದು. ಸಾಹೇಬರು ಕೇಳಲಿಲ್ಲ, ಆ ಫೋಟೋ ಇದ್ದ ನಮ್ಮ ಪೇಪರ್ ಬಿಡಿಸಿಟ್ಟರು.

"ಇದು ನಿಮ್ಮ ತೋಟ ಅಲ್ಲೇನಮ್ಮಾ? ಎಷ್ಟು ಹಸಿರು ಅದ ನೋಡ್ರಿ. ಧೂಳು ಎಲ್ಲಿ ಅದ?"

"ನಮ್ಮದೇ ರೀ ಸಾಹೇಬ್ರ. ಅವತ್ತು ತೊಳದಿದ್ವಿ. ಬೇಕಾರ ಈ ತಮ್ಮಗ ಕೇಳ್ರಿ. ಪೈಪ್ ಹಿಡದಾಂವ ಇವನೇ."

ಇಬ್ಬರೂ ನನ್ನ ಕಡೆ ನೋಡಿದಿರಿ.

"ನನಗ ನೆನಪಿಲ್ರಿ," ಅಂದೆ.

ದೂರು ಅಲ್ಲೇ ಮುಗಿಯಿತು. ಬಸ್ ಸ್ಟ್ಯಾಂಡಿನ ತನಕ ನೀನು ಮುಂದೆ ಮುಂದೆ ನಡೆದೆ. ಆಮೇಲೆ, "ಅಕ್ಷರ ಕಲೀಲಾಕ ಎಷ್ಟು ವರ್ಷ ಹಿಡೀತು ನಿನಗ. ಮರಿಯೂದು ಮಾತ್ರ ಭಾಳ ಲಗೂನ ಕಲ್ತಿ ನೋಡು ತಮ್ಮಾ," ಅಂದೆ. ಬಸ್ಸಿನಲ್ಲಿ ಗಂಟು ಬಿಚ್ಚಿ ರೊಟ್ಟಿ ಮುರಿದು ಅರ್ಧ ನನ್ನ ಕೈಗಿಟ್ಟೆ. ನಾನು ತಿಂದೆ. ತಿನ್ನುತ್ತಲೇ ಆಫೀಸಿನವರ ಮೇಲೆ ಹಾಕಿ ಆ ಸುಳ್ಳು ಹೇಳಿದೆ. ನೀನು ನಂಬಿಬಿಟ್ಟೆ. "ಸಾಹೇಬರ ಮುಂದ ಅಂಜಿದಿ, ಅಷ್ಟೇ. ನೀ ಅಂಥಾಂವ ಅಲ್ಲ," ಎಂದು ನನಗೇ ಸಮಾಧಾನ ಹೇಳಿದೆ. ನೀನು ಬೈದಿದ್ದರೂ ಆಗುತ್ತಿತ್ತು.

ಮರುವರ್ಷ ಧೂಳಿಗೆ ಸೋತು ನೀನು ಬಾಳೆಯ ಗಡ್ಡೆ ಕೀಳಿಸಿ ತೊಗರಿ ಹಾಕಿದೆ. ಬಾವಿಯ ಹತ್ತಿರ ಒಂದೆರಡು ಬುಡ ಮಾತ್ರ ಇವೆ. ಕ್ರಷರ್ ಇನ್ನೂ ಬೆಳೆದರೆ ಅವೂ ಇರುವುದಿಲ್ಲ. ನಿನ್ನೆ ದೂರದಿಂದ ನೋಡಿದೆ, ಎಲೆ ಬೂದಿ ಬಣ್ಣಕ್ಕಿತ್ತು. ಯಾರೂ ತೊಳೆದಿರಲಿಲ್ಲ.

ಇದನ್ನು ಪೇಪರಿಗೆ ಕಳಿಸಿದರೆ ಹಾಕುವುದಿಲ್ಲ, ನನಗೆ ಗೊತ್ತು. ಅದಕ್ಕೇ ಊರವರೆಲ್ಲ ನೋಡುವ ವಾಟ್ಸಾಪ್ ಗ್ರೂಪಿಗೆ ಹಾಕುತ್ತಿದ್ದೇನೆ. ನಿನ್ನ ಸೊಸೆ ಓದಿ ಹೇಳಲಿ. ನಡುವೆ ಎಲ್ಲೂ ಬಿಡದೆ ಓದಲಿ.

ಸೋಮವಾರ ಸಭೆಯಲ್ಲಿ ಕ್ರಷರ್‌ನವರು ಆ ಫೋಟೋ ಮತ್ತೆ ಎತ್ತಿ ತೋರಿಸುತ್ತಾರೆ. ನೀನು ನನ್ನ ಪಕ್ಕ ಕೂರುವುದು ಬೇಡ. ತಮ್ಮಾ ಎಂದು ಕರೆಯುವುದೂ ಬೇಡ. ಯಾರೂ ಕೇಳದಿದ್ದರೂ ನಾನು ಎದ್ದು ನಿಲ್ಲುತ್ತೇನೆ. ಅವತ್ತು ನಿನ್ನ ಮುಂದೆ, ಆ ಸಾಹೇಬರ ಮುಂದೆ ಹೇಳಬೇಕಿದ್ದ ಮಾತು — ತಡವಾಗಿ, ಎಲ್ಲರ ಮುಂದೆ —

ಪೈಪ್ ಹಿಡದಾಂವ ನಾನೇ ರೀ. ನನಗ ನೆನಪದ.